ವುಡಾಂಗ್ ಬೆಟ್ಟದ ಎರಡು ಗುಡಿಗಳು

ವುಡಾಂಗ್ ಅಂದ ಕೂಡಲೇ ಎಲ್ಲರೂ ಕುಂಗ್ ಫೂ ಬಗ್ಗೆಯೇ ಕೇಳುತ್ತಾರೆ. ಅದನ್ನು ಕಲಿಸುವ ಶಾಲೆಗಳು ಅಲ್ಲಿ ಬೇಕಾದಷ್ಟಿವೆ, ನಿಜ. ನನ್ನನ್ನು ಎಳೆದದ್ದು ಮಾತ್ರ ಅಲ್ಲಿಗೆ ಬರುವ ಯಾತ್ರಿಕರು. ಚೀನಾದ ಹುಬೇ ಪ್ರಾಂತ್ಯದ ಈ ಬೆಟ್ಟಸಾಲು ದಾವೋ ಧರ್ಮದವರ ದೇವರು ಝೆನ್‌ವೂನ ನೆಲೆ. ಅವನು ರಾಜಕುಮಾರನಾಗಿದ್ದನಂತೆ, ಅರಮನೆ ಬಿಟ್ಟು ತಪಸ್ಸಿಗೆ ಬಂದನಂತೆ. ಬೇಸತ್ತು ವಾಪಸ್ ಹೊರಟಾಗ ಮುದುಕಿಯೊಬ್ಬಳು ದಪ್ಪ ಕಬ್ಬಿಣದ ಸರಳನ್ನು ಕಲ್ಲಿಗೆ ಉಜ್ಜುತ್ತಾ ಕೂತಿದ್ದಳು. ಏನಮ್ಮಾ ಇದು ಅಂದರೆ, ಸೂಜಿ ಮಾಡ್ತಿದ್ದೀನಿ ಅಂದಳು. ಅವನು ತಿರುಗಿ ಬೆಟ್ಟ ಹತ್ತಿದ.

ತುದಿಗೆ ಕೇಬಲ್ ಕಾರ್ ಇದೆ. ಡೋಲಿ ಹೊರುವವರೂ ಇದ್ದಾರೆ. ನಾನು ಬೆಟ್ಟದ ಮೇಲಿನ ನಾನ್‌ಯಾನ್ ಅನ್ನೋ ಜಾಗದಿಂದ ನಡೆದೇ ಹೊರಟೆ. ಅಲ್ಲಿ ಬಂಡೆಗೆ ಅಂಟಿಕೊಂಡಂತೆ ಕಟ್ಟಿದ ಗುಡಿಯಿಂದ ಕಲ್ಲಿನ ಡ್ರ್ಯಾಗನ್ ಒಂದು ಪ್ರಪಾತದ ಮೇಲೆ ಚಾಚಿಕೊಂಡಿದೆ, ತಲೆಯ ಮೇಲೆ ಪುಟ್ಟ ಊದುಬತ್ತಿ ಪಾತ್ರೆ. ಹಿಂದೆ ಹರಕೆ ಹೊತ್ತವರು ಆ ಕಿರಿದಾದ ಕಲ್ಲಿನ ಮೇಲೆ ಹೋಗಿ ಊದುಬತ್ತಿ ಹಚ್ಚುತ್ತಿದ್ದರು, ಎಷ್ಟೋ ಜನ ಬಿದ್ದು ಸತ್ತರು. ಕೊನೆಗೆ 1673ರಲ್ಲಿ ಅದನ್ನು ನಿಷೇಧಿಸಿದರು. ಕೆಳಗೆ ಬಗ್ಗಿ ನೋಡಿದಾಗ ನನ್ನ ಕಾಲು ನಡುಗಿತು.

ಆಮೇಲೆ ಬರೀ ಮೆಟ್ಟಿಲು. ಒಂದನೇ, ಎರಡನೇ, ಮೂರನೇ ಸ್ವರ್ಗದ ಬಾಗಿಲು ಅಂತ ಹೆಸರಿಟ್ಟ ಕಲ್ಲಿನ ದ್ವಾರಗಳನ್ನು ದಾಟಬೇಕು. ವಯಸ್ಸಾದ ಹೆಂಗಸರ ಗುಂಪೊಂದು ಹೆಗಲಿಗೆ ಹಳದಿ ಚೀಲ ಹಾಕಿಕೊಂಡು, ಪ್ರತಿ ಗುಡಿಗೂ ಕೈಮುಗಿಯುತ್ತಾ ಹತ್ತುತ್ತಿತ್ತು. ನಾನು ಎಲ್ಲಿ ಕೂತರೂ ಅವರು ಮುಂದಾಗುತ್ತಿದ್ದರು.

1,612 ಮೀಟರ್ ಎತ್ತರದ ತುದಿಯಲ್ಲಿ ಚಿನ್ನದ ಗುಡಿ. ಮಿಂಗ್ ವಂಶದ ಯೋಂಗ್‌ಲೆ ಅರಸ 1416ರಲ್ಲಿ ಮಾಡಿಸಿದ್ದು. ಪೂರ್ತಿ ಕಂಚು, ಮೇಲೆ ಚಿನ್ನದ ಲೇಪ. ಒಳಗೆ ಝೆನ್‌ವೂ, ಅವನ ಗುರುತಾದ ಆಮೆ ಮತ್ತು ಹಾವು. ಯೋಂಗ್‌ಲೆ ಅಣ್ಣನ ಮಗನನ್ನು ಇಳಿಸಿ 1402ರಲ್ಲಿ ಪಟ್ಟ ಏರಿದವನು. ಈ ದೇವರೇ ನನ್ನನ್ನು ಗೆಲ್ಲಿಸಿದ್ದು ಅಂತ ಲೋಕಕ್ಕೆ ತೋರಿಸಬೇಕಿತ್ತು, ಅದಕ್ಕೇ ಲಕ್ಷಗಟ್ಟಲೆ ಜನರನ್ನು ದುಡಿಸಿ ಬೆಟ್ಟದ ತುಂಬಾ ಗುಡಿ ಕಟ್ಟಿಸಿದ. ಕೆಲಸ ಅದ್ಭುತ, ಎರಡು ಮಾತಿಲ್ಲ. ಆದರೆ ಕಟಕಟೆಯ ಆಚೆಯಿಂದಲೇ ನೋಡಬೇಕು, ಹಿಂದಿನಿಂದ ನೂಕುತ್ತಿರುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಸ್ವಲ್ಪ ಕೆಳಗಿರುವ ಹಳೆಯ ಗುಡಿ. ಅದೂ ಕಂಚಿನದೇ, 1307ರಲ್ಲಿ ವುಚಾಂಗ್ ಅನ್ನೋ ಊರಿನಲ್ಲಿ ಎರಕ ಹೊಯ್ದದ್ದು. ಮೊದಲು ತುದಿಯಲ್ಲಿದ್ದದ್ದು ಇದು. ಯೋಂಗ್‌ಲೆ ತನ್ನ ಗುಡಿಗೆ ಜಾಗ ಮಾಡಲು ಇದನ್ನು ಇಳಿಸಿ, ಸುತ್ತ ಕೋಣೆ ಕಟ್ಟಿಸಿದ. ಗೋಡೆಗೂ ಗುಡಿಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ, ಒಳಗೆ ಕತ್ತಲೆ. ಸುತ್ತು ಹಾಕಿದರೆ ಅದೃಷ್ಟ ತಿರುಗುತ್ತದೆ ಅಂತ ನಂಬಿಕೆ. ಹಳದಿ ಚೀಲದ ಅಜ್ಜಿಯರು ಅಲ್ಲೂ ನನಗಿಂತ ಮುಂದೆ. ಕಂಚಿನ ಮೇಲೆ ಕೈ ಸವರುತ್ತಾ, ಮೆಲ್ಲಗೆ ಏನೋ ಹೇಳಿಕೊಳ್ಳುತ್ತಾ ಸರಿಯುತ್ತಿದ್ದರು. ನಾನೂ ಕೈ ಇಟ್ಟೆ. ತಣ್ಣಗಿತ್ತು, ಬೆರಳಿಗೆ ಕೆತ್ತಿದ ಅಕ್ಷರ ಸಿಕ್ಕಿತು. ಈ ಗುಡಿಗೆ ದುಡ್ಡು ಕೊಟ್ಟ ಭಕ್ತರ ಹೆಸರುಗಳು ಅವು. ಅರಸರಲ್ಲ, ಸಾಮಾನ್ಯ ಜನ. ಏಳುನೂರು ವರ್ಷ ಆದರೂ ಹೆಸರು ಹಾಗೇ ಇವೆ.

ನೀವು ಯಾವತ್ತಾದರೂ ಹೋದರೆ ಚಿನ್ನದ ಗುಡಿಯ ಸಾಲಿಗೆ ನಿಲ್ಲುವ ಮೊದಲು ಇಲ್ಲಿಗೆ ಹೋಗಿ. ಬೆನ್ನಿನ ಚೀಲ ಹೊರಗೇ ಇಡಿ, ಇಲ್ಲದಿದ್ದರೆ ಒಳಗೆ ತಿರುಗೋಕೆ ಆಗಲ್ಲ.