ಮನೆ ಬಿಟ್ಟು ಬಂದವಳೇ ಸಂಸಾರ ತೊರೆದವಳೇ?

ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆಯಾಗಿ ನಾನು ಹೆಣ್ಣುಮಕ್ಕಳ ಬಾಯಿಂದ ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ನಾನೇ ಮನೆ ಬಿಟ್ಟು ಬಂದುಬಿಟ್ಟೆ ಮೇಡಂ, ಇನ್ನು ಕೋರ್ಟು ನನ್ನ ಮಾತು ಕೇಳುತ್ತದೆಯೇ?" ಏಟು ತಿಂದು, ಮಗುವನ್ನು ಎತ್ತಿಕೊಂಡು ತವರಿಗೆ ಬಂದ ರಾತ್ರಿಯೇ ಹುಟ್ಟಿದ ಈ ಭಯ, ಗಂಡನ ಕಡೆಯಿಂದ "ಅವಳೇ ತೊರೆದು ಹೋದಳು" ಎಂಬ ನೋಟಿಸು ಬಂದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಕಾನೂನು ಈ ವಿಷಯವನ್ನು ನೋಡುವ ಬಗೆಯೇ ಬೇರೆ.

1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಕ್ರೌರ್ಯ ಮತ್ತು ಪರಿತ್ಯಾಗಗಳು ವಿಚ್ಛೇದನಕ್ಕೆ ನೇರ ಆಧಾರಗಳಾದದ್ದು 1976ರ ತಿದ್ದುಪಡಿಯ ನಂತರ. ಪರಿತ್ಯಾಗದ ಆಧಾರದಲ್ಲಿ ವಿಚ್ಛೇದನ ಕೇಳುವವರು, ಅರ್ಜಿ ಹಾಕುವ ದಿನಕ್ಕೆ ಹಿಂದಿನ ಕನಿಷ್ಠ 2 ವರ್ಷ ಅದು ಎಡೆಬಿಡದೆ ನಡೆದಿತ್ತೆಂದು ತೋರಿಸಬೇಕು. ಬೇರೆ ಬೇರೆ ವಾಸವಿದ್ದರು ಎಂದಷ್ಟೇ ಹೇಳಿದರೆ ಸಾಲದು. ಹೋದವರಿಗೆ ದಾಂಪತ್ಯವನ್ನು ಶಾಶ್ವತವಾಗಿ ಮುಗಿಸುವ ಉದ್ದೇಶವಿತ್ತು, ಹೋಗಲು ಸಕಾರಣವಿರಲಿಲ್ಲ, ಉಳಿದವರ ಒಪ್ಪಿಗೆಯೂ ಇರಲಿಲ್ಲ ಎಂಬುದು ಸಾಬೀತಾಗಬೇಕು. ಇದನ್ನು ಸುಪ್ರೀಂ ಕೋರ್ಟ್ 1956ರಲ್ಲೇ ಬಿಪಿನ್‌ಚಂದ್ರ ಶಾ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಹೊಡೆತ, ಅವಮಾನ, ವರದಕ್ಷಿಣೆಯ ಕಾಟ ತಾಳಲಾರದೆ ಒಬ್ಬರು ಹೊಸ್ತಿಲು ದಾಟಿದರೆ, ಹಾಗೆ ದಾಟುವಂತೆ ಮಾಡಿದವರೇ ಕಾನೂನಿನ ಕಣ್ಣಿನಲ್ಲಿ ತೊರೆದವರು. ತಮ್ಮ ತಪ್ಪಿನ ಲಾಭವನ್ನು ತಾವೇ ಪಡೆಯುವಂತಿಲ್ಲ ಎಂದು ಅದೇ ಕಾಯ್ದೆಯ 23ನೇ ಕಲಮೂ ಹೇಳುತ್ತದೆ.

ಆದ್ದರಿಂದ ಇಂಥ ಪ್ರಕರಣದ ಜೀವಾಳವಿರುವುದು ಕ್ರೌರ್ಯದ ಸಾಕ್ಷ್ಯದಲ್ಲಿ. ಆಸ್ಪತ್ರೆಯ ಚೀಟಿ ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ನಂಬಿ ಸುಮ್ಮನಾದವರನ್ನು ಕಂಡು ನನಗೆ ಸಂಕಟವಾಗುತ್ತದೆ. ಕ್ರೌರ್ಯವನ್ನು ಕ್ರಿಮಿನಲ್ ಮೊಕದ್ದಮೆಯ ಹಾಗೆ ಸಂಶಯಾತೀತವಾಗಿ ರುಜುವಾತುಪಡಿಸಬೇಕಿಲ್ಲ, ಸಂಭವನೀಯತೆಯ ತಕ್ಕಡಿ ಒಂದು ಕಡೆಗೆ ವಾಲಿದರೆ ಸಾಕು ಎಂಬುದು ಸುಪ್ರೀಂ ಕೋರ್ಟಿನ 1975ರ ದಾಸ್ತಾನೆ ತೀರ್ಪಿನಿಂದ ಬಂದ ನಿಯಮ. ಮಾನಸಿಕ ಕ್ರೌರ್ಯಕ್ಕೆ ಒಂದೇ ಅಳತೆಗೋಲು ಇಡಲಾಗದು, ಇಡೀ ದಾಂಪತ್ಯವನ್ನು ಒಟ್ಟಾಗಿ ನೋಡಬೇಕು ಎಂದು 2007ರ ಸಮರ್ ಘೋಷ್ ತೀರ್ಪು ಹೇಳಿತು. ಅಕ್ಕನಿಗೆ ಅಳುತ್ತಾ ಕಳಿಸಿದ ವಾಟ್ಸಾಪ್ ಸಂದೇಶ, ಹಿರಿಯರು ಕೂತು ಮಾಡಿದ ಪಂಚಾಯಿತಿ, ಮತ್ತೆ ಬಾಳ್ವೆ ಮಾಡಲು ಹೋಗಿ ಬಂದದ್ದು, ಇವೆಲ್ಲವೂ ಅಲ್ಲಿ ಮಾತನಾಡುತ್ತವೆ. ಕ್ರೌರ್ಯಕ್ಕೆ ಒಳಗಾದ ಗಂಡಸರಿಗೂ ಇದೇ ಕಲಂ, ಇದೇ ಅಳತೆ ಎಂಬುದನ್ನೂ ಹೇಳಲೇಬೇಕು.

ಜೀವನಾಂಶದ ಹಂತದಲ್ಲಿ "ತೊರೆದು ಹೋದಳು" ಎಂಬ ಮಾತು ಮತ್ತೊಮ್ಮೆ ಅಸ್ತ್ರವಾಗುತ್ತದೆ, ಏಕೆಂದರೆ ಸಕಾರಣವಿಲ್ಲದೆ ಗಂಡನ ಜೊತೆ ಬಾಳಲು ಒಪ್ಪದ ಹೆಂಡತಿಗೆ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ, ಅಂದರೆ 2024ರ ಜುಲೈನಿಂದ ಅದರ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ಜೀವನಾಂಶ ಸಿಗದು. ಸಕಾರಣವಿದ್ದರೆ ಈ ಅಡ್ಡಿ ಇಲ್ಲ. ಹೆಂಡತಿ ಮರಳಿ ಬಂದು ಬಾಳಬೇಕೆಂಬ ಕೋರ್ಟಿನ ಆದೇಶವನ್ನು, ಅಂದರೆ ಸಹಬಾಳ್ವೆಯ ಡಿಕ್ರಿಯನ್ನು, ಗಂಡ ಪಡೆದಿದ್ದರೂ ಅದೊಂದರಿಂದಲೇ ಹೆಂಡತಿಯ ಹಕ್ಕು ಹೋಗದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮಗುವಿನ ಜೀವನಾಂಶಕ್ಕಂತೂ ತಾಯಿ ಏಕೆ ಮನೆ ಬಿಟ್ಟಳು ಎಂಬ ಪ್ರಶ್ನೆ ಸಂಬಂಧವೇ ಇಲ್ಲ. 2020ರ ರಜನೀಶ್ ಮತ್ತು ನೇಹಾ ಪ್ರಕರಣದ ತೀರ್ಪಿನಂತೆ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಮತ್ತು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ನೋಟಿಸು ಜಾರಿಯಾದ 60 ದಿನಗಳಲ್ಲಿ ಮಧ್ಯಂತರ ಜೀವನಾಂಶದ ಅರ್ಜಿ (ಕೇಸು ಮುಗಿಯುವವರೆಗಿನ ಜೀವನಾಂಶಕ್ಕೆ) ಆದಷ್ಟು ಮಟ್ಟಿಗೆ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ, ವಾಯಿದೆಯ ಮೇಲೆ ವಾಯಿದೆ ಬಿದ್ದು ಮಗುವಿನ ಶಾಲೆಯ ಶುಲ್ಕಕ್ಕೆ ತಾಯಿ ಒಡವೆ ಅಡವಿಡುವ ಸ್ಥಿತಿ ಬರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಹೇಳುತ್ತದೆ. ಯಾವ ವಯಸ್ಸಿನಲ್ಲೂ ಮಗುವಿನ ಹಿತವೇ ಮೊದಲು. ಗಂಡ ಹೆಂಡಿರ ನಡುವಿನ ಕ್ರೌರ್ಯ ಸಾಬೀತಾದ ಮಾತ್ರಕ್ಕೆ, ಕ್ರೌರ್ಯ ಎಸಗಿದವರಿಗೆ ಮಗುವನ್ನು ಭೇಟಿಯಾಗುವ ಹಕ್ಕು ತಾನಾಗಿ ಹೋಗುವುದಿಲ್ಲ. ಮಗುವಿಗೇ ಅಪಾಯವಿದ್ದರೆ ಅದನ್ನು ಬೇರೆಯಾಗಿ ಹೇಳಿ, ಮೇಲ್ವಿಚಾರಣೆಯಲ್ಲಿ ಮಾತ್ರ ಭೇಟಿ ಕೊಡುವಂತೆ ಕೇಳಬೇಕು. ವಿಚ್ಛೇದನದ ತೀರ್ಪು ಬಂದ ಮೇಲೂ ಮಗುವಿನ ವಿಷಯ ಮುಚ್ಚಿಹೋಗುವುದಿಲ್ಲ: ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಪಾಲನೆ, ಪೋಷಣೆ, ಶಿಕ್ಷಣಗಳ ಕುರಿತ ಆದೇಶವನ್ನು ಕಾಲಕಾಲಕ್ಕೆ ಬದಲಾಯಿಸುವಂತೆ ಅದೇ ನ್ಯಾಯಾಲಯವನ್ನು ಕೇಳಬಹುದು. ವಕೀಲರ ಶುಲ್ಕಕ್ಕೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಅಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಉಚಿತ ನೆರವು ಪಡೆಯಲು ಆದಾಯದ ಮಿತಿಯಿಲ್ಲ.