ಬಿಳಿ ದೀಪ ಬಂದಮೇಲೆ ಕೃತ್ತಿಕೆ ಹುಡುಕುವುದು

ನಮ್ಮ ಬೀದಿಯ ಹಳದಿ ಸೋಡಿಯಂ ದೀಪಗಳನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಎಲ್ಲರಿಗೂ ಖುಷಿ. ಕರೆಂಟು ಕಮ್ಮಿ, ಬೆಳಕು ಜಾಸ್ತಿ. ನನಗೆ ಮಾತ್ರ ತಾರಸಿ ಹತ್ತಿದರೆ ಕೃತ್ತಿಕೆ ಎಂಬ ನಕ್ಷತ್ರಗಳ ಗೊಂಚಲನ್ನು ಹುಡುಕಾಡುವ ಹಾಗಾಯಿತು.

ಆಕಾಶ ಎಷ್ಟು ಕೆಟ್ಟಿದೆ ಅನ್ನುವುದಕ್ಕೆ ಕೃತ್ತಿಕೆಯೇ ನನ್ನ ಅಳತೆ. ಒಳ್ಳೆ ಕತ್ತಲಿದ್ದರೆ ಬರಿಗಣ್ಣಿಗೇ ಆರು ಚುಕ್ಕಿ ಎಣಿಸಬಹುದು. ಕಣ್ಣು ಚುರುಕಿದ್ದವರಿಗೆ ಇನ್ನೂ ಒಂದೆರಡು ಸಿಗುತ್ತವೆ. ನಮ್ಮ ತಾರಸಿಯಿಂದ ಈಗ ಕಾಣುವುದು ಒರೆಸಿದ ಸೀಮೆಸುಣ್ಣದ ಗುರುತಿನಂಥದ್ದು. ಅದೂ ಬೀದಿ ದೀಪಕ್ಕೆ ಅಂಗೈ ಅಡ್ಡ ಹಿಡಿದು, ನೇರ ನೋಡದೆ ತುಸು ಪಕ್ಕಕ್ಕೆ ನೋಡಿದರೆ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇಲ್ಲ, ಸುತ್ತ ಇವೆ. ಅದಕ್ಕೇ ಈ ಓರೆನೋಟ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ನಡುವೆ ಯಾರಾದರೂ ಮೊಬೈಲ್ ತೆಗೆದರೆ ಮುಗೀತು, ಮತ್ತೆ ಮೊದಲಿಂದ.

ತೊಂದರೆ ಬಣ್ಣದ್ದು. ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ. ಹಗಲು ಆಕಾಶವನ್ನು ನೀಲಿ ಮಾಡುವ ಕಾರಣವೇ ಇಲ್ಲೂ ಕೆಲಸ ಮಾಡುತ್ತದೆ: ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ತಮಾಷೆ ಏನು ಗೊತ್ತಾ? ಭೂಮಿಯ ರಾತ್ರಿ ಬೆಳಕನ್ನು ಅಳೆಯುವ ಉಪಗ್ರಹದ ವಿಐಐಆರ್‌ಎಸ್ ಉಪಕರಣಕ್ಕೆ ಈ ನೀಲಿ ಕಾಣುವುದೇ ಇಲ್ಲ! ದೀಪ ಬದಲಿಸಿದ ಊರು ಅದರ ಲೆಕ್ಕದಲ್ಲಿ ಮಂಕಾಗಿಯೇ ಇರಬಹುದು.

ಸರಿಯಾದ ಸುಳಿವು ಸಿಕ್ಕಿದ್ದು ಜನರ ಕಣ್ಣಿನಿಂದ. 2011ರಿಂದ 2022ರವರೆಗೆ ‘ಗ್ಲೋಬ್ ಅಟ್ ನೈಟ್’ ಯೋಜನೆಗೆ ಸಾವಿರಾರು ಜನ ತಮಗೆ ಎಷ್ಟು ಮಂದ ನಕ್ಷತ್ರ ಕಂಡಿತು ಎಂದು ಬರೆದು ಕಳಿಸಿದರು. ಹೆಚ್ಚಿನವರು ಯುರೋಪ್, ಉತ್ತರ ಅಮೆರಿಕದವರು. ಅವರ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ 9.6% ಏರಿದೆ ಎಂದು 2023ರಲ್ಲಿ ಲೆಕ್ಕ ಹೊರಬಿತ್ತು. ಹೀಗೇ ಹೋದರೆ, ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಜಾಗದಲ್ಲಿ ಅದಕ್ಕೆ 18 ತುಂಬುವಾಗ ಉಳಿಯುವುದು ಸುಮಾರು 100.

ಯಾರಿಗೂ ಇದು ದೊಡ್ಡದು ಅನ್ನಿಸುವುದಿಲ್ಲ. ಚಂದ್ರ ಇದ್ದಾನೆ, ಶುಕ್ರ ಇದ್ದಾನೆ, ಗುರು ಇದ್ದಾನೆ. ಅವು ಎಂಥ ದೀಪದ ನಡುವೆಯೂ ಕಾಣುತ್ತವೆ. ಹೋಗುವುದು ಮಂದ ಚುಕ್ಕಿಗಳು, ಆಕಾಶಗಂಗೆ. ಒಮ್ಮೆಯೂ ನೋಡದೇ ಇರುವುದು ಕಾಣೆಯಾದರೆ ಹುಡುಕುವವರು ಯಾರು?

ಬೀದಿಗೆ ದೀಪ ಬೇಡ ಅನ್ನುತ್ತಿಲ್ಲ. ರಾತ್ರಿ ಒಬ್ಬರೇ ನಡೆದು ಬರುವವರಿಗೆ ಬೇಕೇ ಬೇಕು. ಆದರೆ ಅವರಿಗೆ ಬೇಕಿರುವುದು ಕಾಲ ಬಳಿಯ ಬೆಳಕು ಅಲ್ವಾ? ಕಣ್ಣಿಗೇ ಹೊಡೆಯುವ ದೀಪವಿದ್ದರೆ ಅದರ ಪಕ್ಕದ ನೆರಳಲ್ಲಿ ಯಾರು ನಿಂತಿದ್ದಾರೆ ಅಂತಲೂ ತಿಳಿಯದು. ಮೇಲಕ್ಕೆ ಬೆಳಕು ಹೋಗದ ಹಾಗೆ ಮುಚ್ಚಳ, ಹಳದಿ ಕಡೆಗಿನ ಬಣ್ಣ, ನಡುರಾತ್ರಿ ನಂತರ ಸ್ವಲ್ಪ ಮಂದ. ಇಷ್ಟು ಸಾಕು.

ಪಕ್ಕದ ಮನೆ ಗೇಟಿನ ಫ್ಲಡ್‌ಲೈಟ್ ನೇರ ನಮ್ಮ ತಾರಸಿಗೆ ಹೊಡೆಯುತ್ತಿತ್ತು. ಹೋಗಿ ಕೇಳಿದೆ. ‘ಅಯ್ಯೋ, ಮೊದಲೇ ಹೇಳೋದಲ್ವಾ’ ಎಂದು ಸ್ಕ್ರೂ ಸಡಿಲಿಸಿ ದೀಪವನ್ನು ನೆಲದ ಕಡೆ ತಿರುಗಿಸಿದರು. ಅವರ ಗೇಟಿನ ಬೀಗವೂ ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತದಂತೆ. ಬೀದಿ ದೀಪಗಳಿಗೆ ಮುಚ್ಚಳ ಕೇಳಿ ಕೊಟ್ಟ ಅರ್ಜಿಗೆ ಉತ್ತರ ಬರಬೇಕಷ್ಟೆ.