ಕಿವಿಗೆ ಮಿಷಿನ್ ಹಾಕಿಕೊಂಡು ಪಿಟೀಲು ನುಡಿಸೋದು ಹೇಗೆ?

ಹೆಗಲ ಮೇಲೆ ಪಿಟೀಲಿನ ಪೆಟ್ಟಿಗೆ, ಕಿವಿಯ ಹಿಂದೆ ಮಿಷಿನ್. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಮುಗೀತು. ಬಸ್ಸಲ್ಲಿ, ಮದುವೆ ಮನೆಯಲ್ಲಿ, ಎಲ್ಲೇ ಇರಲಿ, ಒಂದೇ ಪ್ರಶ್ನೆ: "ಕಿವಿ ಸರಿಯಾಗಿ ಕೇಳಿಸಲ್ಲ ಅಂದ್ರೆ ಶ್ರುತಿ ಹೇಗೆ ಗೊತ್ತಾಗುತ್ತೆ?"

ಶ್ರುತಿಯ ವಿಷಯದಲ್ಲಿ ನನಗೆ ಕಾಟ ಕೊಟ್ಟಿದ್ದು ಕಿವಿ ಅಲ್ಲ, ಮಿಷಿನ್.

ನನ್ನ ಕಿವಿಗೆ ಕೇಳಿಸದೆ ಹೋಗಿರುವುದು ತೀರಾ ಮೇಲಿನ ಸದ್ದುಗಳು. ಮಾತಿನಲ್ಲಿ ಸ, ಶ, ತ. ಬೆಳಗಿನ ಹಕ್ಕಿಗಳು. ನಾವು ನುಡಿಸುವ ಸ್ವರಗಳ ಮೂಲ ಕಂಪನ ಬಹುತೇಕ 1000 ಹರ್ಟ್ಜ್‌ನ ಕೆಳಗೇ ಇರುತ್ತೆ. ಅಲ್ಲಿ ಕಿವಿ ಇನ್ನೂ ಚೆನ್ನಾಗಿದೆ. ಹಾಗಾಗಿ ಮಿಷಿನ್ ಇಲ್ಲದಿದ್ದರೂ ಸ್ವರ ತಿಳಿಯುತ್ತೆ. ಕಮಾನಿನ ಉಜ್ಜು, ತಂಬೂರಿಯ ತಂತಿಯಡಿಯ ದಾರ, ಅಂದರೆ ಜೀವಾಳ, ಕೊಡುವ ಝೇಂಕಾರ, ಇವು ಮಾತ್ರ ಮಂಕು.

ಅದಕ್ಕೇ ಆಸೆಯಿಂದ ಮಿಷಿನ್ ಹಾಕಿಕೊಂಡು ಸಾಧನೆಗೆ ಕೂತೆ. ತಂಬೂರಿಯ ಸದ್ದು ಕೊಡುವ ಶ್ರುತಿಪೆಟ್ಟಿಗೆ ಹಾಕಿದೆ. ಕೆಲವೇ ಕ್ಷಣದಲ್ಲಿ ಅದು ದೂರ ದೂರ ಹೋಯಿತು! ಯಾಕೆಂದರೆ ಈ ಮಿಷಿನ್ ಮಾಡಿರುವುದು ಮಾತು ಕೇಳೋದಕ್ಕೆ. ಮಾತು ತಡೆದು ತಡೆದು ಬರುತ್ತೆ. ಬಿಡದೆ ಒಂದೇ ಸಮ ಬರುವ ಸದ್ದು ಗದ್ದಲ ಅಂತ ಅದರ ಲೆಕ್ಕ. ಅದಕ್ಕೆ ತಂಬೂರಿಯೂ ಒಂದೇ, ಫ್ಯಾನೂ ಒಂದೇ.

ಆಮೇಲೆ ಉದ್ದಕ್ಕೆ ಕಮಾನು ಎಳೆದು ಷಡ್ಜ ಹಿಡಿದೆ. ಅದು ನಡುಗಿತು. ಅಲುಗದೆ ನಿಲ್ಲಬೇಕಾದ ಷಡ್ಜಕ್ಕೆ ಗಮಕ! ಮಿಷಿನ್ ಆಗಾಗ ಕುಂಯ್ ಅಂತ ಕೂಗುತ್ತೆ ನೋಡಿ, ಅದನ್ನು ತಡೆಯುವ ಏರ್ಪಾಡು ಒಳಗೇ ಇದೆ. ನನ್ನ ಷಡ್ಜವನ್ನೂ ಅದು ಆ ಕೂಗು ಅಂತಲೇ ತಿಳಿದು ಅಳಿಸೋಕೆ ಹೊರಟಿತ್ತು. ಜೊತೆಗೆ ಮೆಲ್ಲಗಿನದನ್ನು ಏರಿಸಿ, ಜೋರಾದ್ದನ್ನು ಇಳಿಸಿ, ಎಲ್ಲವನ್ನೂ ಚಪ್ಪಟೆ ಮಾಡಿಬಿಟ್ಟಿತು.

ಮಿಷಿನ್ ಹೊಂದಿಸಿಕೊಡುವವರ ಹತ್ತಿರ ಹೋದೆ. ಮೊದಲು ಹೋದ ಕಡೆ, "ಸಂಗೀತದ ಪ್ರೋಗ್ರಾಂ ಇದೆಯಲ್ಲ, ಬಟನ್ ಒತ್ತಿ" ಅಂದರು. ಒತ್ತಿದೆ. ಏನೂ ವ್ಯತ್ಯಾಸ ಇಲ್ಲ. ಇನ್ನೊಂದು ಕಡೆ ಪಿಟೀಲನ್ನೇ ತೆಗೆದುಕೊಂಡು ಹೋಗಿ, ನೆಲದ ಮೇಲೆ ಕೂತು ನುಡಿಸಿದೆ. ಪಕ್ಕದ ಕೋಣೆಯವರು ಇಣುಕಿದರು, ಇಣುಕಲಿ. ಅಲ್ಲಿಯವರು ಮಿಷಿನ್ನಿನ ಸೆಟ್ಟಿಂಗ್ ಬದಲಿಸಿದರು. ಗದ್ದಲ ಕಡಿಮೆ ಮಾಡೋದು ಬಂದ್. ಮೇಲಿನ ಸದ್ದನ್ನು ಕೆಳಕ್ಕೆ ತಳ್ಳಿ ಕೇಳಿಸುವ ಸೌಲಭ್ಯವೂ ಬಂದ್. ಮಾತಿಗೆ ಅದು ಒಳ್ಳೆಯದೇ, ಸ್ವರವನ್ನು ಮಾತ್ರ ಜಾಗ ಬಿಡಿಸುತ್ತೆ. ಕೂಗು ತಡೆಯುವುದನ್ನು ಆದಷ್ಟೂ ತಗ್ಗಿಸಿದರು. ಮೂರು ಸಲ ಹೋಗಬೇಕಾಯಿತು.

ಇನ್ನೂ ಒಂದು ಉಪಾಯ ಇದೆ. ಸಾಮಾನ್ಯ ಮಾತು ಸುಮಾರು 65 ಡೆಸಿಬೆಲ್. ಜೋರು ಸಂಗೀತ ಸುಲಭವಾಗಿ 100 ಮುಟ್ಟುತ್ತೆ. ಮೈಕಿನ ಹಿಂದೆಯೇ ಸದ್ದನ್ನು ಅಂಕಿಗಳಾಗಿ ಬದಲಿಸುವ ಭಾಗಕ್ಕೆ ಅದು ತಡೆಯದೆ ಸ್ವರ ಒಡೆಯುತ್ತೆ. ಆಗ ಮೈಕಿನ ತೂತಿನ ಮೇಲೆ ಸಣ್ಣ ಟೇಪು ಅಂಟಿಸುತ್ತೇನೆ. ನಗಬೇಡಿ, ಕೆಲಸ ಮಾಡುತ್ತೆ. ಸಂಗೀತ ಕಚೇರಿಯಲ್ಲಿ ಸ್ಪೀಕರ್ ಹತ್ತಿರ ಜಾಗ ಸಿಕ್ಕರೆ ಮಿಷಿನ್ ನೇರ ಜೇಬಿಗೆ.

ತಂತಿ ಶ್ರುತಿ ಮಾಡುವಾಗಲೂ ತೆಗೆದಿಡುತ್ತೇನೆ. ನಮ್ಮ ಕಡೆ ಪಿಟೀಲಿನ ಒಂದು ತುದಿ ಕಾಲ ಮೇಲೆ, ಇನ್ನೊಂದು ಎದೆಗೆ, ಅಲ್ವಾ? ಎರಡು ತಂತಿ ಸೇರದಿದ್ದರೆ ವಾಂವ್ ವಾಂವ್ ಅಂತ ಎದೆಗೇ ತಟ್ಟುತ್ತೆ. ಬಿರಡೆ ತಿರುಗಿಸುತ್ತಾ ಹೋದಂತೆ ಅದು ನಿಧಾನವಾಗಿ, ಒಂದು ಕ್ಷಣದಲ್ಲಿ ಸುಮ್ಮನಾಗುತ್ತೆ. ಅದೇ ಶ್ರುತಿ.

ಒಂದು ತೊಂದರೆ ಮಾತ್ರ ಉಳಿದಿದೆ. ತಂಬೂರಿಯ ಜೊತೆ ಫ್ಯಾನಿನ ಸದ್ದೂ ವಾಪಸ್ ಬಂದಿದೆ. ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಆರಿಸಿಯೇ ಸಾಧನೆ. ಹೆಗಲಲ್ಲೊಂದು ಟವೆಲ್.